ಹಳೆ ಪ್ರೆಸ್ಬಿಟೇರಿಯನ್ ಸಭೆಯ ಶುರುವಾತು, ಜಾಗದ ಕಾಗದ: ಎಲ್ಲಿ ಹುಡುಕೋದು? (ತೀರ್ಥಹಳ್ಳಿ ಕಡೆ)

ಆಗುಂಬೆ_ಮಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯವರು (ಅಂದರೆ ನಮ್ಮ ಚರ್ಚಿನ ಜನ) ಒಂದು ಸ್ಮರಣ ಸಂಚಿಕೆ ತರಬೇಕು ಅಂತ ತೀರ್ಮಾನ ಮಾಡಿದ್ದಾರೆ. ಇತಿಹಾಸ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ, ನನಗೆ ಕಂಪ್ಯೂಟರ್ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ. ಊರು ತೀರ್ಥಹಳ್ಳಿ ತಾಲ್ಲೂಕಲ್ಲಿದೆ. ಅದಕ್ಕಿಂತ ಜಾಸ್ತಿ ಇಲ್ಲಿ ಹೇಳಲ್ಲ, ಜಾಗದ ವಿಷಯ ಅಲ್ವಾ.

ದೇವಾಲಯ, ಅಂದರೆ ಚರ್ಚ್ ಕಟ್ಟಡ, ಚಿಕ್ಕದು. ಜಂಬಿಟ್ಟಿಗೆ ಗೋಡೆ, ಮಂಗಳೂರು ಹೆಂಚು, ಹಿಂದೆ ಸಮಾಧಿಗಳು. ಪಕ್ಕದಲ್ಲಿ ಮಿಶನ್ ಶಾಲೆ ಇತ್ತಂತೆ, ಈಗ ಅದರ ಪಾಯ ಮಾತ್ರ ಉಳಿದಿದೆ. ಬಾಗಿಲ ಮೇಲಿನ ಕಲ್ಲಲ್ಲಿ ಇಸವಿ ಕೆತ್ತಿದ್ದಾರೆ, ಆದರೆ ಮಳೆಗೆ ಪಾಚಿ ಹಿಡಿದು ಹಿಡಿದು ಕೊನೇ ಅಂಕಿ ಹೋಗಿಬಿಟ್ಟಿದೆ, 188 ಅನ್ನೋವರೆಗೆ ಮಾತ್ರ ಓದಬಹುದು. ಹಿರಿಯರೊಬ್ಬರು "ನಮ್ಮದು ಮೂಲದಲ್ಲಿ ಪ್ರೆಸ್ಬಿಟೇರಿಯನ್ ಸಭೆ, ಸ್ಕಾಟ್ಲೆಂಡಿನ ದೊರೆಗಳು ಕಟ್ಟಿದ್ದು" ಅಂತ ಖಡಾಖಂಡಿತ ಹೇಳುತ್ತಾರೆ (ಪ್ರೆಸ್ಬಿಟೇರಿಯನ್ ಅಂದರೆ ಬಿಷಪ್ ಇಲ್ಲದೆ ಹಿರಿಯರ ಮಂಡಳಿಯೇ ಸಭೆ ನಡೆಸುವ ಪ್ರಾಟೆಸ್ಟೆಂಟ್ ಪಂಗಡ). ಇನ್ನೊಬ್ಬರು ಅದೆಲ್ಲ ಸುಳ್ಳು ಅಂತಾರೆ. ಇಬ್ಬರೂ ಒಂದೇ ಬೆಂಚಲ್ಲಿ ಕೂರುವವರು, ಹಾಗಾಗಿ ನನ್ನ ಪಾಡು ಯಾರಿಗೂ ಬೇಡ.

ಟ್ರಂಕಿನಲ್ಲಿ ಒಂದು ಕ್ರಯಪತ್ರದ ನಕಲು ಸಿಕ್ಕಿದೆ. ಎಡಗಡೆ ಅಂಚನ್ನು ಗೆದ್ದಲು ತಿಂದಿದೆ, ತಾರೀಕು ಇದ್ದ ಸಾಲೂ ಹೋಗಿದೆ. ಆದರೆ ಚಕ್ಕುಬಂದಿ (ನಾಲ್ಕು ಕಡೆಯ ಗಡಿ) ಚೆನ್ನಾಗಿ ಓದಲು ಬರುತ್ತದೆ: ಪೂರ್ವಕ್ಕೆ ಸರ್ಕಾರಿ ರಸ್ತೆ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಅಡಿಕೆ ತೋಟ, ದಕ್ಷಿಣಕ್ಕೆ "ಮಿಶನ್ ಬಾಬ್ತು ಗದ್ದೆ". ಕೊಂಡವರ ಹೆಸರು ಒಬ್ಬ ದೊರೆಯದು. ಸಭೆಯ ಹೆಸರೇ ಎಲ್ಲೂ ಇಲ್ಲ. ಈಗಿನ ಪಹಣಿ ತೆಗೆಸಿದರೆ ದೇವಾಲಯ ಇರುವ ತುಂಡು "ಚರ್ಚ್" ಅಂತ ಬರುತ್ತದೆ, ಸಮಾಧಿ ಇರುವ ಕಡೆ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಕಂದಾಯ ಇಲ್ಲದ ಜಾಗ), ಗದ್ದೆ ಬೇರೆ ಯಾರದ್ದೋ ಹೆಸರಲ್ಲಿದೆ.

ನನಗೆ ಬೇಕಾದ್ದು ಇಷ್ಟು. ಮಲೆನಾಡಲ್ಲಿ ನಿಜವಾಗಿ ಪ್ರೆಸ್ಬಿಟೇರಿಯನ್ನರು ಇದ್ದರಾ? ಸಭೆ ಶುರುವಾದ ವರ್ಷ ಅಂತ ಯಾವುದನ್ನು ಹಾಕೋದು? ಮತ್ತೆ ಈ ಹಳೆ ಕಾಗದಗಳ ಜಾಡು ಹಿಡಿಯೋದು ಹೇಗೆ? ಗೊತ್ತಿರುವವರು ದಯವಿಟ್ಟು ಹೇಳಿ.


ದಸ್ತಾವೇಜು_ಶಿವಮೊಗ್ಗ

ಸರ್, ನಾನು ಪತ್ರ ಬರೆಯುವ ಕಸುಬಿನವನು. ಧರ್ಮದ ವಿಷಯ ನನಗೆ ಅಷ್ಟು ಗೊತ್ತಿಲ್ಲ, ಕಾಗದದ ವಿಷಯ ಮಾತ್ರ ಹೇಳ್ತೀನಿ.

ನಿಮ್ಮ ಚಕ್ಕುಬಂದಿಯಲ್ಲಿ ಒಂದು ಮಾತು ಇದೆ, ನೀವು ಅದನ್ನು ಸುಮ್ನೆ ದಾಟಿಕೊಂಡು ಹೋಗಿದ್ದೀರಿ. ದಕ್ಷಿಣಕ್ಕೆ ಮಿಶನ್ ಬಾಬ್ತು ಗದ್ದೆ. ಅಂದರೆ ಈ ಪತ್ರ ಆಗುವ ಹೊತ್ತಿಗೆ ಮಿಶನ್ನಿಗೆ ಅಲ್ಲಿ ಆಗಲೇ ಜಮೀನು ಇತ್ತು. ನಿಮ್ಮ ಟ್ರಂಕಲ್ಲಿರುವುದು ಮೊದಲನೇ ಪತ್ರ ಅಲ್ಲ, ಎರಡನೆಯದೋ ಮೂರನೆಯದೋ ಇರಬೇಕು. ಹಾಗಾಗಿ ಈ ಕಾಗದದ ತಾರೀಕು ಸಿಕ್ಕಿದ ತಕ್ಷಣ ಅದೇ ಸ್ಥಾಪನೆ ವರ್ಷ ಅಂತ ಸಂಚಿಕೆಯಲ್ಲಿ ಹಾಕಬೇಡಿ. ಗದ್ದೆ ಹೇಗೆ ಬಂತು ಅಂತ ಮೊದಲು ನೋಡಿ. ಕ್ರಯಕ್ಕೆ ಬಂದಿರಬಹುದು, ದಾನ ಆಗಿರಬಹುದು, ಸರ್ಕಾರದಿಂದ ದರಖಾಸ್ತು (ಜಮೀನು ಕೇಳುವ ಅರ್ಜಿ) ಮೂಲಕ ಮಂಜೂರಾಗಿರಬಹುದು. ಮಂಜೂರಾದ ಜಮೀನಿಗೆ ಕ್ರಯಪತ್ರ ಇರುವುದೇ ಇಲ್ಲ, ಅದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವರ್ಷಗಟ್ಟಲೆ ಹುಡುಕಿದರೂ ಸಿಗಲ್ಲ. ತಾಲ್ಲೂಕು ಕಚೇರಿ ದಾಖಲೆ ಕೋಣೆಯಲ್ಲಿ ಕೇಳಬೇಕು.

ಎರಡನೆಯದು, ಆ ದೊರೆ ಹೆಸರಿನ ಮುಂದೆ ಏನಿದೆ ನೋಡಿ. "ಮಿಶನ್ ಪರವಾಗಿ" ಅಂತಲೋ "ಟ್ರಸ್ಟಿ" ಅಂತಲೋ ಇದ್ದರೆ ಒಂದು ಕಥೆ, ಬರೀ ಹೆಸರು ಇದ್ದರೆ ಬೇರೆ ಕಥೆ. ಬರೀ ಹೆಸರಿದ್ದರೆ ಕಾಗದದ ಮೇಲೆ ಅದು ಅವರ ಸ್ವಂತ ಆಸ್ತಿ. ಅವರು ಊರಿಗೆ ವಾಪಸ್ ಹೋಗುವಾಗ ಮುಂದಿನವರಿಗೆ ಬರೆದುಕೊಟ್ಟ ಪತ್ರ ಇನ್ನೊಂದು ಇರಲೇಬೇಕು.

ಹುಡುಕುವ ದಾರಿ ಹೀಗೆ. ಇಸಿ ಅಂದರೆ ಋಣಭಾರ ಪತ್ರ, ಸ್ವತ್ತಿನ ಮೇಲೆ ಆದ ನೋಂದಣಿಗಳ ಪಟ್ಟಿ; ಕಾವೇರಿ ಅಂದರೆ ನೋಂದಣಿ ಇಲಾಖೆಯ ಜಾಲತಾಣ. ಕಾವೇರಿ ಆನ್‌ಲೈನಲ್ಲಿ ಇಸಿ 2004ರ ಏಪ್ರಿಲ್‌ನಿಂದ ಈಚೆಗೆ ಮಾತ್ರ ಬರುತ್ತದೆ. ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೈಯಿಂದಲೇ ಹುಡುಕಿಸಬೇಕು. ಅಲ್ಲಿ ಹೆಸರಿನ ಇಂಡೆಕ್ಸ್ ಬೇರೆ, ಸ್ವತ್ತಿನ ಇಂಡೆಕ್ಸ್ ಬೇರೆ. ಇಂಗ್ಲಿಷ್ ಹೆಸರನ್ನು ಹಳೆ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆದಿರುತ್ತಾರೆ, ಆದ್ದರಿಂದ ಹೆಸರಿನ ಮೇಲೆ ನಂಬಿಕೆ ಇಡಬೇಡಿ, ಊರು ಮತ್ತು ಸರ್ವೆ ನಂಬರಿಂದ ಹೋಗಿ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ, ಮಲೆನಾಡಿಗೆ ಬರುವಷ್ಟರಲ್ಲಿ ಇನ್ನೂ ತಡ ಆಯಿತು. ಅದಕ್ಕೂ ಮುಂಚಿನ ಪತ್ರ ಆದರೆ ಅದರಲ್ಲಿ ಈಗಿನ ಸರ್ವೆ ನಂಬರ್ ಇರಲ್ಲ, ಚಕ್ಕುಬಂದಿಯೇ ಗತಿ.


ಕಬ್ಬನ್_ರಸ್ತೆ

ನಿಮ್ಮ ಎರಡನೇ ಹಿರಿಯರ ಕಡೆ ನನ್ನ ಓಟು. ಮೈಸೂರು ಸಂಸ್ಥಾನದ ಕನ್ನಡ ಸೀಮೆಯಲ್ಲಿ ಜಾಸ್ತಿ ಕೆಲಸ ಮಾಡಿದ ಪ್ರಾಟೆಸ್ಟೆಂಟರು ವೆಸ್ಲಿಯನ್ ಮೆಥಡಿಸ್ಟರು. ಶಿವಮೊಗ್ಗ ಅವರ ಕೇಂದ್ರಗಳಲ್ಲಿ ಒಂದು. ಘಟ್ಟದ ಕೆಳಗೆ ಬಾಸೆಲ್ ಮಿಶನ್, ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ. 188x ಅಂತ ಕಲ್ಲಿರುವ, ಪಕ್ಕದಲ್ಲಿ ಮಿಶನ್ ಶಾಲೆ ಇದ್ದ ತೀರ್ಥಹಳ್ಳಿ ಕಡೆಯ ದೇವಾಲಯ ಅಂದರೆ ನಾನು ಕಣ್ಣು ಮುಚ್ಚಿ ವೆಸ್ಲಿಯನ್ ಅಂತೀನಿ.

ಬೆಂಗಳೂರಲ್ಲಿ ಸ್ಕಾಟಿಷ್ ಪ್ರೆಸ್ಬಿಟೇರಿಯನ್ನರದ್ದು ಅಂದರೆ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್. ಅಡಿಗಲ್ಲು 1864, ಬಾಗಿಲು ತೆರೆದದ್ದು 1866. ಅದು ದಂಡಿನ ಸ್ಕಾಟಿಷ್ ಸಿಪಾಯಿಗಳು, ಅಧಿಕಾರಿಗಳಿಗೆ ಅಂತ ಆದದ್ದು, ನಮ್ಮ ಕಡೆಯ ಮಿಶನ್ ಸಭೆಗಳ ಥರ ಅಲ್ಲ. ಮದರಾಸಿನ ಸೇಂಟ್ ಆಂಡ್ರ್ಯೂಸ್ ಕಿರ್ಕ್ (ಸ್ಕಾಟರ ಮಾತಲ್ಲಿ ಚರ್ಚ್) ಅಂತೂ 1821ರಲ್ಲಿ ತೆರೆದದ್ದು. 1813ರ ಚಾರ್ಟರ್ ಕಾಯ್ದೆ ಆದಮೇಲೆ ಸ್ಕಾಟ್ಲೆಂಡ್ ಸಭೆಯ ಪಾದ್ರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯೇ ಸಂಬಳ ಕೊಡೋಕೆ ಶುರು ಮಾಡಿತು. ಅಂಥ ಕಡೆ ಕಟ್ಟಡದ ಕಾಗದ ಸಭೆಯ ಪೆಟ್ಟಿಗೆಯಲ್ಲಿ ಹುಡುಕಿದರೆ ಸಿಗಲ್ಲ, ಸರ್ಕಾರದ ಕಡತದಲ್ಲಿ ಸಿಗುತ್ತದೆ.

ಮಲೆನಾಡಲ್ಲಿ ಸ್ಕಾಟ್ಲೆಂಡಿನವರು ಇರಲಿಲ್ಲ ಅಂತಲ್ಲ. ಚಿಕ್ಕಮಗಳೂರು ಕಡೆ ಕಾಫಿ ತೋಟದ ದೊರೆಗಳಲ್ಲಿ ಸ್ಕಾಟರು ಇದ್ದರು. ಒಬ್ಬ ಸ್ಕಾಟ್ ದೊರೆ ನಿಮ್ಮ ದೇವಾಲಯಕ್ಕೆ ದುಡ್ಡು ಕೊಟ್ಟಿರಬಹುದು, ಮರ ಕೊಟ್ಟಿರಬಹುದು. ದುಡ್ಡು ಕೊಟ್ಟವನು ಪ್ರೆಸ್ಬಿಟೇರಿಯನ್ ಆದ ಮಾತ್ರಕ್ಕೆ ಸಭೆ ಪ್ರೆಸ್ಬಿಟೇರಿಯನ್ ಆಗಲ್ಲವಲ್ಲ.

ವೆಸ್ಲಿಯನ್ ಮಿಶನ್ನಿನ ಹಳೆ ಕಾಗದಗಳು ಲಂಡನ್ನಿನ ಸೋಆಸ್ (SOAS, ಏಷ್ಯಾ ಆಫ್ರಿಕಾ ಅಧ್ಯಯನದ ವಿದ್ಯಾಸಂಸ್ಥೆ) ಗ್ರಂಥಾಲಯದಲ್ಲಿವೆ. ಅಷ್ಟು ದೂರ ಹೋಗುವ ಮೊದಲು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಆರ್ಕೈವ್ಸ್ ನೋಡಿ. ರೈಸ್ ಸಾಹೇಬರ ಮೈಸೂರು ಗೆಜೆಟಿಯರ್‌ನ 1897ರ ಆವೃತ್ತಿಯಲ್ಲೂ ಮಿಶನ್‌ಗಳ ಬಗ್ಗೆ ಒಂದು ಭಾಗ ಇದೆ, ಅದು ಇಂಟರ್ನೆಟ್ಟಲ್ಲೇ ಓದಲು ಸಿಗುತ್ತದೆ.


ಕುಪ್ಪಳ್ಳಿಯಿಂದ_ಎಡಿನ್‌ಬರೋ

ನಮ್ಮೂರ ಕಡೆಯ ಪ್ರಶ್ನೆ ನೋಡಿ ಖುಷಿ ಆಯ್ತು ಮಾರಾಯ್ರೇ. ನಾನೀಗ ಇರುವುದು ಪ್ರೆಸ್ಬಿಟೇರಿಯನ್ನರ ತವರಲ್ಲೇ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಡ ಅನ್ನಿಸಿದರೆ ಬಿಟ್ಟುಬಿಡಿ.

ನಿಮ್ಮದು ಪ್ರೆಸ್ಬಿಟೇರಿಯನ್ ಹೌದೋ ಅಲ್ಲವೋ ಅನ್ನುವುದನ್ನು ಕಾಗದದಿಂದಲೇ ಹೇಳಬಹುದು. ಇವರಲ್ಲಿ ಬಿಷಪ್ ಇಲ್ಲ. ಒಂದು ಸಭೆಯ ಪಾದ್ರಿ ಮತ್ತು ಹಿರಿಯರು ಕೂಡಿದರೆ ಸೆಷನ್. ಸುತ್ತಮುತ್ತಲ ಸಭೆಗಳ ಪಾದ್ರಿಗಳು ಹಿರಿಯರು ಸೇರಿದರೆ ಪ್ರೆಸ್ಬಿಟರಿ. ಅದರ ಮೇಲೆ ಸಿನಡ್, ಎಲ್ಲಕ್ಕಿಂತ ಮೇಲೆ ಜನರಲ್ ಅಸೆಂಬ್ಲಿ. ಒಂದು ಸಭೆ ಹುಟ್ಟಿತು ಅಂತ ಹೇಳಬೇಕಾದರೆ ಹಿರಿಯರನ್ನು ಆರಿಸಿ, ಪ್ರೆಸ್ಬಿಟರಿ ಅದನ್ನು ಒಪ್ಪಿ, ನಡವಳಿ ಪುಸ್ತಕದಲ್ಲಿ ಬರೆದಿರಬೇಕು. ಕಟ್ಟಡ ಆಮೇಲೆ ಯಾವಾಗಲೋ ಬರುತ್ತದೆ. ಜಾಗದ ಪತ್ರ ಅದಕ್ಕಿಂತ ಮುಂಚೆಯೂ ಇರಬಹುದು, ಎಷ್ಟೋ ವರ್ಷ ಆದಮೇಲೂ ಇರಬಹುದು. ನಿಮ್ಮ ಟ್ರಂಕಿನ ಹಳೆ ಪುಸ್ತಕಗಳಲ್ಲಿ ಸೆಷನ್, ಪ್ರೆಸ್ಬಿಟರಿ ಅನ್ನುವ ಹೆಸರು ಇದೆಯಾ ನೋಡಿ. ಸರ್ಕಿಟ್ (ಸುತ್ತಲ ಸಭೆಗಳ ಗುಂಪು), ಕ್ವಾರ್ಟರ್ಲಿ ಮೀಟಿಂಗ್ ಅಂತ ಇದ್ದರೆ ಅದು ಮೆಥಡಿಸ್ಟರದ್ದು, ವಾದ ಅಲ್ಲಿಗೆ ಮುಗಿಯಿತು.

ಆಸ್ತಿಯ ವಿಷಯಕ್ಕೆ ಬಂದರೆ ಇವರ ಇತಿಹಾಸ ಕೋರ್ಟು ಕಚೇರಿಯ ಇತಿಹಾಸವೇ. ಸ್ಕಾಟ್ಲೆಂಡಿನ ಹಳೆ ಪ್ಯಾರಿಷ್‌ಗಳಲ್ಲಿ (ಒಂದೊಂದು ಚರ್ಚಿಗೆ ಸೇರಿದ ಊರುಗಳಲ್ಲಿ) ದೇವಾಲಯ, ಪಾದ್ರಿ ಮನೆ ಕಟ್ಟಿಸಿ ನೋಡಿಕೊಳ್ಳುವ ಹೊಣೆ ಅಲ್ಲಿನ ಜಮೀನ್ದಾರರದ್ದು. ಪಾದ್ರಿಗೆ ಉಂಬಳಿ ಥರ ಒಂದಿಷ್ಟು ಜಮೀನೂ ಇರುತ್ತಿತ್ತು. 1925ರ ಕಾಯ್ದೆ ಬಂದು ಅದೆಲ್ಲ ಸಭೆಯ ಜನರಲ್ ಟ್ರಸ್ಟಿಗಳ ಕೈಗೆ ಹೋಯಿತು. ನಡುವೆ 1843ರಲ್ಲಿ ದೊಡ್ಡ ಒಡಕು. ಪಾದ್ರಿಯನ್ನು ನೇಮಿಸುವ ಹಕ್ಕು ಜಮೀನ್ದಾರನಿಗೋ ಸಭೆಗೋ ಅನ್ನುವ ಜಗಳದಲ್ಲಿ ಸುಮಾರು 450 ಪಾದ್ರಿಗಳು ಎದ್ದು ಹೊರಗೆ ಬಂದು ಫ್ರೀ ಚರ್ಚ್ ಕಟ್ಟಿದರು. ಮನೆ, ಸಂಬಳ, ದೇವಾಲಯ ಎಲ್ಲ ಅಲ್ಲೇ ಬಿಟ್ಟು ಬಂದರು.

ಇದರ ಬಿಸಿ ಭಾರತಕ್ಕೂ ತಟ್ಟಿತು. ಕಲ್ಕತ್ತಾದಲ್ಲಿ ಅಲೆಕ್ಸಾಂಡರ್ ಡಫ್ 1830ರಲ್ಲಿ ಶುರು ಮಾಡಿದ ಶಾಲೆ ಚೆನ್ನಾಗಿ ನಡೆಯುತ್ತಿತ್ತು. ಆತ ಫ್ರೀ ಚರ್ಚ್ ಕಡೆ ಹೋದ. ಆದರೆ ಕಟ್ಟಡ, ಪುಸ್ತಕ, ಪಾಠದ ಉಪಕರಣ ಎಲ್ಲ ಹಳೆ ಸಭೆಯ ಹೆಸರಲ್ಲಿತ್ತು. ತಾನೇ ನಿಂತು ಕಟ್ಟಿಸಿದ ಶಾಲೆಯಿಂದ ಬರಿಗೈಯಲ್ಲಿ ಹೊರಬಂದು ಇನ್ನೊಂದು ಶುರು ಮಾಡಬೇಕಾಯಿತು. ಆ ಎರಡು ಶಾಲೆಗಳೂ ಮತ್ತೆ ಒಂದಾದದ್ದು 1908ರಲ್ಲಿ.

ಇನ್ನೊಂದು ಕೇಳಿ, ಇದು ಇನ್ನೂ ಮಜಾ. 1900ರಲ್ಲಿ ಫ್ರೀ ಚರ್ಚಿನ ಬಹುಪಾಲು ಜನ ಯುನೈಟೆಡ್ ಪ್ರೆಸ್ಬಿಟೇರಿಯನ್ ಅನ್ನುವ ಇನ್ನೊಂದು ಗುಂಪಿನ ಜೊತೆ ಒಂದಾದರು. ಬೆರಳೆಣಿಕೆಯಷ್ಟು ಪಾದ್ರಿಗಳು ಮಾತ್ರ ನಾವು ಬರಲ್ಲ ಅಂತ ಕೂತರು, ಕೋರ್ಟಿಗೆ ಹೋದರು. 1904ರಲ್ಲಿ ಹೌಸ್ ಆಫ್ ಲಾರ್ಡ್ಸ್, ಮೂಲ ನಂಬಿಕೆಗೆ ಅಂಟಿಕೊಂಡವರೇ ನಿಜವಾದ ಫ್ರೀ ಚರ್ಚ್, ಆದ್ದರಿಂದ ಆಸ್ತಿ ಎಲ್ಲ ಅವರದ್ದೇ ಅಂತ ತೀರ್ಪು ಕೊಟ್ಟುಬಿಟ್ಟಿತು! ಅಷ್ಟು ದೇವಾಲಯ, ಕಾಲೇಜು ನೋಡಿಕೊಳ್ಳೋಕೆ ಅವರಲ್ಲಿ ಜನವೇ ಇರಲಿಲ್ಲ. ಕೊನೆಗೆ ಪಾರ್ಲಿಮೆಂಟ್ 1905ರಲ್ಲಿ ಕಾಯ್ದೆ ಮಾಡಿ ಪಾಲು ಹಂಚಿತು.

ಅಮೆರಿಕದ್ದು ಇನ್ನೊಂದು ಥರ. ನ್ಯೂಯಾರ್ಕಿನ ಫಸ್ಟ್ ಪ್ರೆಸ್ಬಿಟೇರಿಯನ್ ಸಭೆ ಶುರುವಾದದ್ದು 1716ರಲ್ಲಿ, ವಾಲ್ ಸ್ಟ್ರೀಟಲ್ಲಿ ಜಾಗ ಕೊಂಡು ಕಟ್ಟಿದರು. ಸಭೆಯ ಹೆಸರಲ್ಲೇ ಆಸ್ತಿ ಇಟ್ಟುಕೊಳ್ಳೋಕೆ ಚಾರ್ಟರ್ (ಸರ್ಕಾರದ ಸನ್ನದು) ಬೇಕಿತ್ತು. ಆಂಗ್ಲಿಕನ್ನರು (ಇಂಗ್ಲೆಂಡ್ ಸಭೆಯವರು) ಅಡ್ಡ ಬಂದು ಅದು ಸಿಗಲಿಲ್ಲ. ಬೇರೆ ದಾರಿ ಇಲ್ಲದೆ 1730ರಲ್ಲಿ ಜಾಗವನ್ನೇ ಸಮುದ್ರದಾಚೆಗಿನ ಸ್ಕಾಟ್ಲೆಂಡ್ ಸಭೆಯ ಮುಖಂಡರ ಹೆಸರಿಗೆ ಬರೆದುಕೊಟ್ಟರು. ಸಭೆ ಹುಟ್ಟಿದ್ದು ಒಂದು ಇಸವಿ, ಪತ್ರ ಇನ್ನೊಂದು ಇಸವಿ, ಪತ್ರದಲ್ಲಿ ಆ ಊರಿನವರ ಹೆಸರೇ ಇಲ್ಲ. ನಿಮ್ಮ ಕ್ರಯಪತ್ರದಲ್ಲಿ ಸಭೆ ಹೆಸರಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ, ಆ ಕಾಲದಲ್ಲಿ ಎಲ್ಲ ಕಡೆ ಹೀಗೇ.

ಇಲ್ಲಿನ ಸೆಷನ್ ಪುಸ್ತಕಗಳು ಸ್ಕಾಟ್ಲೆಂಡಿನ ರಾಷ್ಟ್ರೀಯ ದಾಖಲೆಗಳ ಕಚೇರಿಯಲ್ಲಿವೆ, ಬಹಳಷ್ಟನ್ನು ಸ್ಕಾಟ್‌ಲ್ಯಾಂಡ್ಸ್ ಪೀಪಲ್ ಜಾಲತಾಣದಲ್ಲಿ ನೋಡಬಹುದು. ಮಿಶನ್ ಪತ್ರಗಳು ನ್ಯಾಷನಲ್ ಲೈಬ್ರರಿಯಲ್ಲಿವೆ.


ಆಗುಂಬೆ_ಮಳೆ

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಇವತ್ತು ಮತ್ತೆ ಟ್ರಂಕು ತೆಗೆಸಿದೆ. ದೀಕ್ಷಾಸ್ನಾನದ ಪುಸ್ತಕದ ರಟ್ಟಿನ ಒಳಗಡೆ "ಸರ್ಕಿಟ್" ಅಂತಲೇ ಇದೆ ಸರ್. ಕಬ್ಬನ್ ರಸ್ತೆಯವರು ಗೆದ್ದರು.

ಆದರೆ ಹಿರಿಯರನ್ನು ಸುಳ್ಳುಗಾರ ಅನ್ನೋಕೂ ಆಗಲ್ಲ. ಅವರ ಮನೆಯವರ ಮೂಲ ಆರ್ಕಾಟ್ ಕಡೆ. ಅವರ ತಾತ ಭದ್ರಾವತಿ ಕಾರ್ಖಾನೆ ಶುರುವಾದ ಹೊತ್ತಿಗೆ ಕೆಲಸಕ್ಕೆ ಬಂದವರು, ಆಮೇಲೆ ಈ ಕಡೆ ಬಂದು ನೆಲೆ ನಿಂತರು. ಅಲ್ಲಿಂದ ಏನಾದರೂ ಪ್ರೆಸ್ಬಿಟೇರಿಯನ್ ಅನ್ನೋದು ಬಂದಿರಬಹುದಾ?

ಮತ್ತೆ ದಸ್ತಾವೇಜು ಸರ್, ದೊರೆ ಹೆಸರಿನ ಮುಂದೆ "ಮಿಶನ್ ಏಜೆಂಟರು" ಅಂತ ಇದೆ. ಇದು ಒಳ್ಳೆಯದಾ ಕೆಟ್ಟದ್ದಾ?


ಕಬ್ಬನ್_ರಸ್ತೆ

ಹಿರಿಯರ ಗುಟ್ಟು ಸಿಕ್ಕಿತು ನೋಡಿ. ಆರ್ಕಾಟ್ ಮಿಶನ್ ಅಮೆರಿಕದ ರಿಫಾರ್ಮ್ಡ್ ಸಭೆಯವರದ್ದು, ಆಡಳಿತವೆಲ್ಲ ಪ್ರೆಸ್ಬಿಟೇರಿಯನ್ ರೀತಿಯದ್ದೇ, ಹಿರಿಯರು, ಮೇಲಿನ ಮಂಡಳಿ ಎಲ್ಲ. ಅವರೂ ಮದರಾಸಿನ ಸ್ಕಾಟಿಷ್ ಮಿಶನ್‌ನವರೂ ಮೊದಲು ಒಂದಾದರು. 1908ರಲ್ಲಿ ಕಾಂಗ್ರಿಗೇಷನಲ್‌ನವರೂ (ಪ್ರತಿ ಸಭೆಯೂ ತನ್ನ ಆಡಳಿತ ತಾನೇ ನೋಡಿಕೊಳ್ಳುವ ಪಂಗಡ) ಸೇರಿ ದಕ್ಷಿಣ ಭಾರತ ಯುನೈಟೆಡ್ ಚರ್ಚ್ ಆಯಿತು. 1947ರ ಸೆಪ್ಟೆಂಬರ್ 27ರಂದು ಅದೂ, ಆಂಗ್ಲಿಕನ್ನರೂ, ಮೆಥಡಿಸ್ಟರೂ ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಆಯಿತು. ಭದ್ರಾವತಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುವಾದದ್ದು 1918ರಲ್ಲಿ, ಕಬ್ಬಿಣ ಬಂದದ್ದು 1923ರಲ್ಲಿ. ಎಲ್ಲೆಲ್ಲಿಂದಲೋ ಜನ ಬಂದರು. ಅವರ ಮನೆತನ ಪ್ರೆಸ್ಬಿಟೇರಿಯನ್, ಕಟ್ಟಡ ವೆಸ್ಲಿಯನ್. ಇಬ್ಬರು ಹಿರಿಯರದ್ದೂ ಸರಿ ಅಂತ ಬರೆದುಬಿಡಿ, ಬೆಂಚಲ್ಲಿ ಶಾಂತಿ ಇರುತ್ತೆ.


ಸಾಗರದವಳು

ಗದ್ದೆ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಅಣ್ಣಾ, ಗದ್ದೆ ಯಾರೋ ನುಂಗಿದ್ದಾರೆ ಅಂತ ಸಂಚಿಕೆಯಲ್ಲಿ ಬರೆಯೋಕೆ ಹೋಗಬೇಡಿ. ನಮ್ಮ ಕಾಗೋಡಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ಆದದ್ದು ನಿಮಗೂ ಗೊತ್ತು. ಆಮೇಲೆ ಭೂ ಸುಧಾರಣೆ ಕಾಯ್ದೆಯಲ್ಲಿ ಗೇಣಿಗೆ ಕೊಟ್ಟ ಜಮೀನು 1974ರ ಮಾರ್ಚ್ 1ರಿಂದ ಸರ್ಕಾರಕ್ಕೆ ಸೇರಿತು, ಗೇಣಿದಾರ ಫಾರಂ 7 ಹಾಕಿ ಭೂ ನ್ಯಾಯಮಂಡಳಿಯಲ್ಲಿ ಹಕ್ಕು ಪಡೆದ. ಮಠದ್ದಾಗಲಿ, ದೇವಸ್ಥಾನದ್ದಾಗಲಿ, ಮಿಶನ್ನಿನದ್ದಾಗಲಿ, ಗೇಣಿ ಜಮೀನು ಹೋದದ್ದು ಹೀಗೇ. ನಿಮ್ಮ ಗದ್ದೆ ಉಳುತ್ತಿದ್ದವರು ಪ್ರಾಯಶಃ ನಿಮ್ಮ ಸಭೆಯವರೇ ಇರಬಹುದು, ಈಗಿನ ಪಹಣಿಯಲ್ಲಿರುವ ಹೆಸರು ಅವರ ಮಕ್ಕಳದ್ದಿರಬಹುದು. 9ನೇ ಕಾಲಂ ಹೆಸರು ನೋಡಿ ಸುಮ್ಮನಾಗಬೇಡಿ, 10ನೇ ಕಾಲಂನಲ್ಲಿ ಹಕ್ಕು ಹೇಗೆ ಬಂತು ಅಂತ ಇರುತ್ತದೆ. ಅಲ್ಲಿ ಭೂ ನ್ಯಾಯಮಂಡಳಿ ಆದೇಶದ ನಂಬರ್ ಇದ್ದರೆ ಆ ಕಡತ ಕೇಳಿ. ಅದರಲ್ಲಿ ಆಗ ಮಾಲೀಕರು ಅಂತ ಯಾರ ಹೆಸರಿತ್ತು ಅನ್ನುವುದು ಸಿಗುತ್ತದೆ. ನಿಮ್ಮ ಸಂಚಿಕೆಗೆ ಅದಕ್ಕಿಂತ ಒಳ್ಳೆ ದಾಖಲೆ ಬೇಕಾ?


ದಸ್ತಾವೇಜು_ಶಿವಮೊಗ್ಗ

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ.

"ಮಿಶನ್ ಏಜೆಂಟರು" ಅಂತಿದ್ದರೆ ಒಳ್ಳೆಯದೇ ಸರ್. ಸ್ವಂತಕ್ಕೆ ಕೊಂಡದ್ದಲ್ಲ ಅಂತ ಪತ್ರವೇ ಹೇಳುತ್ತಿದೆ. ಅಲ್ಲಿಂದ ಮುಂದೆ ಸಿಎಸ್‌ಐ ಆದಮೇಲೆ ಆಸ್ತಿ ಹಿಡಿಯೋಕೆ ಅಂತಲೇ 1947ರಲ್ಲಿ ನೋಂದಣಿ ಆದ ಟ್ರಸ್ಟ್ ಅಸೋಸಿಯೇಷನ್ ಇದೆ, ಸಿಎಸ್‌ಐಟಿಎ ಅಂತಾರೆ, ಅದು ಕಂಪನಿ ಕಾಯ್ದೆ ಕೆಳಗೆ ಇರುವಂಥದ್ದು. ಮಿಶನ್ನಿಂದ ಅದಕ್ಕೆ ವರ್ಗಾವಣೆ ಆದ ಪತ್ರ ಇದೆಯಾ ಅಂತ ನಿಮ್ಮ ಡಯಾಸಿಸ್ (ಬಿಷಪ್ಪರ ಆಡಳಿತ ಪ್ರಾಂತ್ಯ) ಕಚೇರಿಯಲ್ಲಿ ಕೇಳಿ. ಬರೀ "ಚರ್ಚ್" ಅಂತ ಪಹಣಿಯಲ್ಲಿದ್ದರೆ ನಾಳೆ ಯಾವ ಚರ್ಚ್ ಅಂತ ಯಾರಾದರೂ ಕೇಳಬಹುದು.

ಸಮಾಧಿ ಜಾಗ ಬಿ ಖರಾಬು ಅಂತಿರುವುದಕ್ಕೆ ಗಾಬರಿ ಬೇಡ. ಸರ್ವೆಯಲ್ಲಿ ದಾರಿ, ಹಳ್ಳ, ಹೂಳುವ ಜಾಗ, ಸುಡುವ ಜಾಗ ಇವನ್ನೆಲ್ಲ ಬಿ ಖರಾಬಿಗೇ ಹಾಕುತ್ತಾರೆ, ಕಂದಾಯ ಇರಲ್ಲ. ಆದರೆ ಅದು ಸಭೆಯ ಖಾಸಗಿ ಆಸ್ತಿ ಅಂತ ಸಂಚಿಕೆಯಲ್ಲಿ ಅಚ್ಚು ಹಾಕಿಸಬೇಡಿ, ಸುಮ್ನೆ ತಲೆನೋವು. ಅದರಲ್ಲೇ ನಿಮಗೆ ಉಪಯೋಗದ್ದೂ ಒಂದಿದೆ. ಮೊದಲನೇ ಸರ್ವೆಯಲ್ಲೇ ಅದನ್ನು ಸ್ಮಶಾನ ಅಂತ ತೋರಿಸಿದ್ದರೆ, ಸರ್ವೆಯವರು ಬರುವ ಹೊತ್ತಿಗೆ ಅಲ್ಲಿ ಹೂಳುವುದು ಶುರುವಾಗಿತ್ತು, ಅಂದರೆ ಜನ ಇದ್ದರು. ಕಲ್ಲಿನ ಮೇಲಿನ ಇಸವಿಗಿಂತ ಮುಂಚೆ ಸಭೆ ಇತ್ತು ಅಂತ ತೋರಿಸೋಕೆ ಅದೇ ಸಾಕ್ಷಿ ಆಗಬಹುದು.

ತಾಲ್ಲೂಕು ಕಚೇರಿಗೆ ಹೋದಾಗ ಹಳೆ ಗ್ರಾಮ ನಕಾಶೆ, ಟಿಪ್ಪಣಿ (ಸರ್ವೆ ಅಳತೆಯ ಕಾಗದ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಇಂಡೆಕ್ಸ್ ಆಫ್ ಲ್ಯಾಂಡ್ಸ್ ಇಷ್ಟಕ್ಕೂ ಬೇರೆ ಬೇರೆ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಈಗ ಹಳೆ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆಯುತ್ತಿದೆ, ಕೆಲವು ಆನ್‌ಲೈನಲ್ಲೇ ಸಿಕ್ಕರೂ ಸಿಗಬಹುದು. ಅರ್ಜಿಯಲ್ಲಿ ಸರ್ವೆ ನಂಬರ್ ಜೊತೆ ಹಿಸ್ಸಾ (ತುಂಡಿನ) ನಂಬರೂ ಬರೆಯಿರಿ, ಪೋಡಿ (ಸರ್ವೆ ನಂಬರ್ ತುಂಡು ಮಾಡುವುದು) ಆಗುವ ಮುಂಚಿನ ಹಳೆ ನಂಬರ್ ಗೊತ್ತಿದ್ದರೆ ಅದನ್ನೂ ಹಾಕಿ, ಇಲ್ಲದಿದ್ದರೆ ಈಗಿನ ತುಂಡಿನ ಕಾಗದ ಮಾತ್ರ ಕೊಟ್ಟು ಕಳಿಸುತ್ತಾರೆ. ಮತ್ತೆ ಆ ಕ್ರಯಪತ್ರವನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಫೋಟೋ ತೆಗೆದು, ಒಣಗಿದ ಬಟ್ಟೆಯಲ್ಲಿ ಸುತ್ತಿ ಇಡಿ, ಮಳೆಗಾಲ ಬರುತ್ತಿದೆ.